ಸಿರುಗುಪ್ಪದಿಂದ ಅಪೋಫಿಸ್‌ಗೆ ಎಷ್ಟು ದೂರ?

2029ರ ಏಪ್ರಿಲ್ 13, ಶುಕ್ರವಾರ. ರಾತ್ರಿ ಅಮಾವಾಸ್ಯೆ. ಹದಿಮೂರನೇ ತಾರೀಖು, ಶುಕ್ರವಾರ, ಅಮಾವಾಸ್ಯೆ ಮೂರೂ ಕೂಡಿಬಂದದ್ದು ಸಾಲದೆಂಬಂತೆ ಅದೇ ರಾತ್ರಿ ಭೂಮಿಯ ಪಕ್ಕದಲ್ಲೇ ಒಂದು ಭಾರಿ ಬಂಡೆ ಹಾದುಹೋಗಲಿದೆ. ಅದಕ್ಕೆ ಇಟ್ಟಿರುವುದು ಈಜಿಪ್ಟಿನ ಪುರಾಣದಲ್ಲಿ ಸೂರ್ಯನಿಗೆ ಹೊಂಚುಹಾಕುವ ಸರ್ಪದ ಹೆಸರು: ಅಪೋಫಿಸ್. ಟಿವಿ ಜ್ಯೋತಿಷಿಗಳಿಗೆ ಇಷ್ಟೊಂದು ಸರಕು ಒಟ್ಟಿಗೆ ಸಿಗುವುದು ಅಪರೂಪ. ಆ ವಾರ ಬಳ್ಳಾರಿ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ರೇಟು ಏರಿದರೆ ನನಗಂತೂ ಆಶ್ಚರ್ಯವಿಲ್ಲ.

ಬಂಡೆ ಭೂಮಿಗೆ ಬಡಿಯುವುದಿಲ್ಲ. ಅಂದೂ ಇಲ್ಲ, ಮುಂದಿನ ನೂರು ವರ್ಷವೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೆಮ್ಮದಿಯಾಗಿ ನೋಡಬಹುದು. ನೋಡುವಂಥದ್ದು ಬೇಕಾದಷ್ಟಿದೆ. ಸರಾಸರಿ 340 ಮೀಟರ್ ಅಡ್ಡಗಲದ ಕ್ಷುದ್ರಗ್ರಹ ಇದು. ಬಳ್ಳಾರಿ ಕೋಟೆ ಗುಡ್ಡವನ್ನು ಬುಡದಿಂದ ನೆತ್ತಿಯವರೆಗೆ ಅಳೆದರೂ ಅಷ್ಟು ಎತ್ತರವಿಲ್ಲ. ಇಂಥದೊಂದು ಭೂಮಿಯ ನೆಲದಿಂದ ಬರೀ 32 ಸಾವಿರ ಕಿಲೋಮೀಟರ್ ಮೇಲೆ ಹಾದುಹೋಗುತ್ತದೆ. ಸಿರುಗುಪ್ಪದ ಮನೆಗಳ ಮಾಳಿಗೆ ಮೇಲಿನ ಡಿಶ್‌ಗಳು ಮುಖಮಾಡಿರುವ ಭೂಸ್ಥಿರ ಉಪಗ್ರಹಗಳು ಇರುವುದು 35,786 ಕಿ.ಮೀ. ಎತ್ತರದಲ್ಲಿ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಕೂತು ಇಸ್ರೊದವರು ಹಗಲಿರುಳು ಕಾಯುವ ಉಪಗ್ರಹಗಳಿಗಿಂತಲೂ ಈ ಬಂಡೆ ಆ ರಾತ್ರಿ ನಮಗೆ ಹತ್ತಿರ. ಆ ಉಪಗ್ರಹಗಳೆಲ್ಲ ಸಮಭಾಜಕದ ನೆತ್ತಿಯಲ್ಲೇ ಸಾಲಾಗಿ ನಿಂತಿರುವುದರಿಂದ, ಓರೆಯಾಗಿ ದಾಟುವ ಅಪೋಫಿಸ್ ಅವುಗಳ ಗೊಡವೆಗೆ ಹೋಗುವುದಿಲ್ಲ.

ನಮ್ಮ ಕಡೆ ಕಾಣುತ್ತದೆಯೇ? ಕಾಣುತ್ತದೆ, ಬರಿಗಣ್ಣಿಗೇ. ಬಳ್ಳಾರಿಯ ಅಕ್ಷಾಂಶ ರೇಖಾಂಶ ಇಟ್ಟುಕೊಂಡು ನಾನು ಹಾಕಿದ ಸ್ಥೂಲ ಲೆಕ್ಕ ಹೀಗಿದೆ. ರಾತ್ರಿ ಒಂಬತ್ತಕ್ಕೆ ಬಂಡೆ ಸುಮಾರು ಒಂದೂವರೆ ಲಕ್ಷ ಕಿ.ಮೀ. ದೂರದಲ್ಲಿ, ಆಗ್ನೇಯ ದಿಕ್ಕಿನಲ್ಲಿ, ಚಿತ್ತಾ ನಕ್ಷತ್ರದ ಕೆಳಗೆ ಮಂದವಾಗಿರುತ್ತದೆ. ನಡುರಾತ್ರಿಗೆ ದಕ್ಷಿಣದಲ್ಲಿ ಎತ್ತರಕ್ಕೇರಿ ಹಸ್ತಾ ನಕ್ಷತ್ರದ ನೆರೆಗೆ ಬರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಳಿ, ಎರಡು ಗಂಟೆಯ ಹೊತ್ತಿಗೆ ಸಿಂಹರಾಶಿಯನ್ನು ದಾಟುತ್ತ, ಸಪ್ತರ್ಷಿಗಳಲ್ಲೆಲ್ಲ ಮಸುಕಾದ ಅತ್ರಿಯಷ್ಟು ಹೊಳೆಯುತ್ತದೆ. ಎರಡೂವರೆ ದಾಟಿತೆಂದರೆ ಮುಳುಗಿತು. ಭೂಮಿಗೆ ಅತಿ ಹತ್ತಿರ ಬರುವುದು ನಮ್ಮ ಗಡಿಯಾರದಲ್ಲಿ 3 ಗಂಟೆ 16 ನಿಮಿಷಕ್ಕೆ. ಆಗ ಅದು ಅಟ್ಲಾಂಟಿಕ್ ಸಾಗರದ ಮೇಲಿರುತ್ತದೆ. ಹಾಗಾದರೆ ನಮಗೆ ನಷ್ಟವಾಯಿತೇ ಎಂದರೆ ಅದೂ ಇಲ್ಲ. ಚಂದ್ರನಿಗೆ ವೃದ್ಧಿ, ಕ್ಷಯಗಳಿರುವಂತೆ ಇದಕ್ಕೂ ಇವೆ. ರಾತ್ರಿಯ ಕಡೆಯಿಂದ ಬಂದು ಹಗಲಿನ ಕಡೆಗೆ ಹೋಗುವ ಬಂಡೆ, ಹತ್ತಿರವಾಗುತ್ತ ಹೋದಂತೆ ಬೆಳಗಿದ ಮುಖವನ್ನು ನಮ್ಮಿಂದ ಆಚೆಗೆ ತಿರುಗಿಸಿಕೊಳ್ಳುತ್ತದೆ. ಹೀಗಾಗಿ ಅತಿ ಹೆಚ್ಚು ಹೊಳೆಯುವುದು ಅತಿ ಹತ್ತಿರ ಬರುವ ಕ್ಷಣಕ್ಕೆ ಮೊದಲೇ, ನಮ್ಮ ಪಶ್ಚಿಮದ ಆಕಾಶದಲ್ಲಿರುವಾಗಲೇ.

ಒಂದು ತೊಡಕು ಮಾತ್ರ ಇದೆ. ಎರಡು ಗಂಟೆಗೆ ಬಳ್ಳಾರಿಯಲ್ಲಿ ನಿಂತವರಿಗೆ ಅದು ನೇರ ಪಶ್ಚಿಮದಲ್ಲಿ, ಇಪ್ಪತ್ತು ಡಿಗ್ರಿ ಎತ್ತರದಲ್ಲಿ. ಅಂದರೆ ಕುಡತಿನಿಯ ವಿದ್ಯುತ್ ಸ್ಥಾವರ, ಅದರಾಚೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವ ದಿಕ್ಕು. ಆ ಕಡೆಯ ಆಕಾಶ ಕತ್ತಲಾಗುವುದೇ ಇಲ್ಲ. ಸಿರುಗುಪ್ಪದವರ ಅದೃಷ್ಟ ವಾಸಿ. ಅವರ ಪಶ್ಚಿಮಕ್ಕೆ ಗದ್ದೆಬಯಲು, ತುಂಗಭದ್ರೆ. ಕೆಂಚನಗುಡ್ಡದ ಹೊಳೆದಂಡೆಗೆ ಹೋದರೆ ಇನ್ನೂ ಚೆನ್ನ, ಯಾರೂ ಆ ರಾತ್ರಿ ಭತ್ತದ ಹುಲ್ಲಿಗೆ ಬೆಂಕಿ ಇಡದಿದ್ದರೆ. ಅಮಾವಾಸ್ಯೆಯ ಬಗ್ಗೆ ಜನ ಏನೇ ಅನ್ನಲಿ, ಚಂದ್ರನ ಬೆಳಕಿಲ್ಲದ ಇಂಥ ರಾತ್ರಿಯನ್ನು ಬೇಡಿ ಪಡೆಯಬೇಕು.

ಈಗ ಕಕ್ಷೆಯ ಮಾತು. ಅಪೋಫಿಸ್ ಬೇರೆಲ್ಲಿಂದಲೋ ಬಂದ ಅತಿಥಿಯಲ್ಲ, ನಮ್ಮದೇ ಬೀದಿಯ ನಿವಾಸಿ. ಸೂರ್ಯನನ್ನು ಸುತ್ತಲು ನಮಗೆ 365 ದಿನ ಬೇಕು, ಅದಕ್ಕೆ 324 ದಿನ ಸಾಕು. ಸೂರ್ಯನಿಗೆ ಹತ್ತಿರವಾದಾಗ ಸುಮಾರು 11 ಕೋಟಿ ಕಿ.ಮೀ., ದೂರವಾದಾಗ 16 ಕೋಟಿ ದಾಟುತ್ತದೆ. ಭೂಮಿ ಇರುವುದು 15 ಕೋಟಿಯ ಆಸುಪಾಸಿನಲ್ಲಿ. ಹೀಗೆ ಪ್ರತಿ ಸುತ್ತಿನಲ್ಲೂ ಅದು ನಮ್ಮ ಕಕ್ಷೆಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ದಾಟುತ್ತದೆ. ದಾಟುವಾಗ ಭೂಮಿ ಅಲ್ಲಿ ಇರುತ್ತದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಬಹುತೇಕ ಇರುವುದಿಲ್ಲ. 324 ದಿನದ ವರ್ಷದವರು 365 ದಿನದ ವರ್ಷದವರನ್ನು ಒಂದು ಪೂರ್ತಿ ಸುತ್ತು ಹಿಂದೆ ಹಾಕಲು ಏಳು ಮುಕ್ಕಾಲು ವರ್ಷ ಬೇಕು. ಆದ್ದರಿಂದ ಹೆಚ್ಚುಕಡಿಮೆ ಎಂಟು ವರ್ಷಕ್ಕೊಮ್ಮೆ ಇಬ್ಬರೂ ಒಂದೇ ಕಡೆಗೆ ಬರುತ್ತಾರೆ. 2004ರ ಡಿಸೆಂಬರ್, 2013ರ ಜನವರಿ, 2021ರ ಮಾರ್ಚ್, 2029ರ ಏಪ್ರಿಲ್. 2004ರಲ್ಲೂ 2013ರಲ್ಲೂ ಅಂತರ ಸುಮಾರು 1 ಕೋಟಿ 44 ಲಕ್ಷ ಕಿ.ಮೀ. ಇತ್ತು, 2021ರಲ್ಲಿ 1 ಕೋಟಿ 69 ಲಕ್ಷ. 2029ರದು ಭೂಮಿಯ ಕೇಂದ್ರದಿಂದ 38 ಸಾವಿರ. ಮೊದಲ ಮೂರು ಭೇಟಿ ದೂರದಿಂದಲೇ ನಮಸ್ಕಾರ ಹೇಳಿದಂತಿದ್ದು, ನಾಲ್ಕನೆಯದು ಹೊಸ್ತಿಲಿಗೇ ಬಂದದ್ದೇಕೆ? ಎರಡು ಕಕ್ಷೆಗಳೂ ಒಂದೇ ಸಮತಲದಲ್ಲಿಲ್ಲ. ಅಪೋಫಿಸ್‌ನದು ಮೂರು ಡಿಗ್ರಿಗೆ ತುಸು ಹೆಚ್ಚು ವಾಲಿದೆ. ಭೂಮಿಯ ಸಮತಲವನ್ನು ಅದು ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದು ನಮ್ಮ ಕಕ್ಷೆಗೆ ತೀರ ಹತ್ತಿರದಲ್ಲಿದೆ, ಮತ್ತು ಆ ಬಿಂದುವಿರುವ ಜಾಗಕ್ಕೆ ಭೂಮಿ ಬರುವುದು ವರ್ಷದ ಏಪ್ರಿಲ್ 13ರ ಸುಮಾರಿಗೆ. ಡಿಸೆಂಬರಿನಲ್ಲೋ ಜನವರಿಯಲ್ಲೋ ಸಮೀಪಿಸಿದರೆ ಕಕ್ಷೆಗಳ ನಡುವೆಯೇ ಕೋಟಿ ಕಿಲೋಮೀಟರ್ ಕಂದರ. ಏಪ್ರಿಲ್ ಮಧ್ಯದಲ್ಲಿ ಬಂದರಷ್ಟೇ ಗಂಟಲಿಗೆ ಬಂದಂತೆ. 2029ರಲ್ಲಿ ಬರುತ್ತಿರುವುದು ಆಗಲೇ.

ಇದನ್ನು ಮೊದಲು ಕಂಡದ್ದು 2004ರ ಜೂನ್ 19ರಂದು, ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿ. ಕಂಡವರು ರಾಯ್ ಟಕರ್, ಡೇವಿಡ್ ಥೋಲನ್, ಫ್ಯಾಬ್ರಿಜಿಯೊ ಬರ್ನಾರ್ಡಿ. ಎರಡು ರಾತ್ರಿ ಕಂಡದ್ದು ಮತ್ತೆ ತಪ್ಪಿಹೋಯಿತು. ಡಿಸೆಂಬರಿನಲ್ಲಿ ಮತ್ತೆ ಸಿಕ್ಕಾಗ ಕಕ್ಷೆ ಲೆಕ್ಕಹಾಕಿದವರು ಬೆಚ್ಚಿದರು. 2029ರ ಏಪ್ರಿಲ್ 13ಕ್ಕೆ ಡಿಕ್ಕಿಯಾಗುವ ಸಂಭವ ಕಾಣಿಸಿತು, ಮತ್ತು ದಿನದಿನಕ್ಕೆ ಆ ಸಂಭವ ಏರತೊಡಗಿತು. ಡಿಸೆಂಬರ್ 27ಕ್ಕೆ ಶೇಕಡಾ 2.7, ಮೂವತ್ತೇಳರಲ್ಲಿ ಒಂದು ಪಾಲು. ಸೊನ್ನೆಯಿಂದ ಹತ್ತರವರೆಗಿನ ಟೊರಿನೊ ಮಾಪಕದಲ್ಲಿ ನಾಲ್ಕು. ಅಲ್ಲಿಯವರೆಗೆ ಯಾವ ಕ್ಷುದ್ರಗ್ರಹಕ್ಕೂ ಅಷ್ಟು ಅಂಕ ಬಿದ್ದಿರಲಿಲ್ಲ, ಆಮೇಲೂ ಬಿದ್ದಿಲ್ಲ. ಆದರೂ ನಮ್ಮಲ್ಲಿ ಯಾರಿಗೂ ಅದರ ನೆನಪಿಲ್ಲ, ಯಾಕೆಂದರೆ ಹಿಂದಿನ ದಿನವಷ್ಟೇ ಸುನಾಮಿ ಬಂದಿತ್ತು. ನಾಗಪಟ್ಟಣದ, ಅಂಡಮಾನಿನ ಸುದ್ದಿಯ ಮುಂದೆ ಇಪ್ಪತ್ತೈದು ವರ್ಷ ಆಚೆಗಿನ ಬಂಡೆ ಯಾರಿಗೆ ಬೇಕಿತ್ತು? ಅದೇ 27ರಂದು, ಮಾರ್ಚ್ ತಿಂಗಳಲ್ಲಿ ತೆಗೆದಿದ್ದ ಹಳೆಯ ಚಿತ್ರಗಳಲ್ಲಿ ಅಪೋಫಿಸ್ ಅಡಗಿದ್ದುದು ಪತ್ತೆಯಾಯಿತು. ಆ ಒಂದು ಚುಕ್ಕೆಯನ್ನು ಲೆಕ್ಕಕ್ಕೆ ಸೇರಿಸಿದ್ದೇ ತಡ, 2029ರ ಡಿಕ್ಕಿಯ ಸಂಭವ ಸೊನ್ನೆಗಿಳಿಯಿತು.

ಸಂಭವ ಏರುತ್ತ ಹೋಗಿ ಥಟ್ಟನೆ ಬಿದ್ದದ್ದು ವಿಜ್ಞಾನಿಗಳ ಗೊಂದಲ ಎಂದು ಹಲವರು ತಿಳಿಯುತ್ತಾರೆ. ಅದು ಗೊಂದಲವಲ್ಲ, ಲೆಕ್ಕದ ಸ್ವಭಾವವೇ ಹಾಗೆ. ಕೆಲವೇ ರಾತ್ರಿಗಳ ವೀಕ್ಷಣೆಯಿಂದ ಬಂಡೆ ಇಪ್ಪತ್ತೈದು ವರ್ಷದ ನಂತರ ಎಲ್ಲಿರುತ್ತದೆ ಎಂದು ಕೇಳಿದರೆ ಸಿಗುವುದು ಬಿಂದುವಲ್ಲ, ಲಕ್ಷಾಂತರ ಕಿಲೋಮೀಟರ್ ಉದ್ದದ ಒಂದು ಪಟ್ಟಿ. ಆ ಪಟ್ಟಿಯೊಳಗೆ ಎಲ್ಲಿ ಬೇಕಾದರೂ ಇರಬಹುದು. 12,700 ಕಿ.ಮೀ. ಅಡ್ಡಗಲದ ಭೂಮಿ ಆ ಪಟ್ಟಿಯೊಳಗೆ ಬಿದ್ದರೆ, ಪಟ್ಟಿಯಲ್ಲಿ ಭೂಮಿಯ ಪಾಲೆಷ್ಟೋ ಅಷ್ಟು ಸಂಭವ. ಹೊಸ ವೀಕ್ಷಣೆ ಬಂದಂತೆಲ್ಲ ಪಟ್ಟಿ ಕುಗ್ಗುತ್ತದೆ, ಭೂಮಿ ಮಾತ್ರ ಕುಗ್ಗುವುದಿಲ್ಲ. ಆದ್ದರಿಂದ ಭೂಮಿ ಪಟ್ಟಿಯೊಳಗೆ ಉಳಿದಿರುವಷ್ಟು ಕಾಲ ಅದರ ಪಾಲು ಏರುತ್ತಲೇ ಹೋಗುತ್ತದೆ. ಒಂದು ದಿನ ಪಟ್ಟಿಯ ಅಂಚು ಭೂಮಿಯನ್ನು ಬಿಟ್ಟು ಸರಿಯುತ್ತದೆ, ಸಂಭವ ಸೊನ್ನೆಯಾಗುತ್ತದೆ. 2025ರ ಆರಂಭದಲ್ಲಿ 2024 ವೈಆರ್4 ಎಂಬ ಬಂಡೆಯ ವಿಷಯದಲ್ಲೂ ಇದೇ ನಡೆಯಿತು. 2032ರ ಡಿಸೆಂಬರ್ 22ಕ್ಕೆ ಅದು ಬಡಿಯುವ ಸಂಭವ ಫೆಬ್ರವರಿ 18ರಂದು ಶೇಕಡಾ 3.1ಕ್ಕೇರಿತು. ಬಡಿದರೆ ಎಲ್ಲಿ ಎಂದು ಎಳೆದ ಗೆರೆ ಪೆಸಿಫಿಕ್‌ನಿಂದ ಶುರುವಾಗಿ ಆಫ್ರಿಕಾ, ಅರಬ್ಬಿ ಸಮುದ್ರ ದಾಟಿ ದಕ್ಷಿಣ ಏಷ್ಯಾಕ್ಕೂ ತಲುಪಿತ್ತು. ನಮ್ಮ ಚಾನೆಲ್‌ಗಳು ಏರುವ ಅಂಕಿಯನ್ನು ಕೆಂಪಕ್ಷರದಲ್ಲಿ ತೋರಿಸಿದವು. ವಾರದೊಳಗೆ ಅದು ಇಳಿದಾಗ ಆ ಸುದ್ದಿಗೆ ಕೆಂಪು ಬಣ್ಣ ಸಿಗಲಿಲ್ಲ.

ಅಪೋಫಿಸ್ ಕತೆ 2004ಕ್ಕೆ ಮುಗಿಯಲಿಲ್ಲ. 2029ರಲ್ಲಿ ತಪ್ಪಿಸಿಕೊಂಡರೂ, ಹಾಯುವಾಗ ಭೂಮಿಯ ಗುರುತ್ವ ಅದರ ದಾರಿಯನ್ನು ಬಾಗಿಸುತ್ತದೆ. ಎಷ್ಟು ಬಾಗಿಸುತ್ತದೆ ಎಂಬುದು ಎಷ್ಟು ದೂರದಿಂದ ಹಾಯುತ್ತದೆ ಎಂಬುದರ ಮೇಲೆ ನಿಂತಿದೆ. 2029ರಲ್ಲಿ ಸರಿಯಾಗಿ ಒಂದು ಜಾಗದಲ್ಲಿ, 600 ಮೀಟರ್ ಅಗಲದ ಒಂದು ಕಿಂಡಿಯೊಳಗೆ ತೂರಿದರೆ ಅದು 2036ರಲ್ಲಿ ತಿರುಗಿ ಬಂದು ಬಡಿಯುವಂಥ ಕಕ್ಷೆಗೆ ಬೀಳುತ್ತಿತ್ತು. ಕೋಟಿಗಟ್ಟಲೆ ಕಿಲೋಮೀಟರ್ ಲೆಕ್ಕದಲ್ಲಿ 600 ಮೀಟರಿನ ಕಿಂಡಿ! ಅದರೊಳಗೆ ಹೋಗುವುದಿಲ್ಲ ಎಂದು ಖಚಿತವಾಗಿ ಹೇಳಲು 2013ರ ಭೇಟಿಯವರೆಗೆ ಕಾಯಬೇಕಾಯಿತು. 2068ರ ಬಗ್ಗೆ ಇನ್ನೊಂದು ಸಣ್ಣ ಅನುಮಾನ ಉಳಿದಿತ್ತು.

ಆ ಅನುಮಾನಕ್ಕೆ ಕಾರಣ ಬಿಸಿಲು. ಬಳ್ಳಾರಿಯವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಏಪ್ರಿಲ್‌ನಲ್ಲಿ ಇಳಿಹೊತ್ತಿಗೆ ಕೋಟೆ ಗುಡ್ಡದ ಬುಡಕ್ಕೆ ಹೋಗಿ ನಿಲ್ಲಿ. ಬಿಸಿಲು ಇಳಿದಿರುತ್ತದೆ, ಗಾಳಿಯೂ ತುಸು ತಂಪಾಗಿರುತ್ತದೆ, ಬಂಡೆ ಮಾತ್ರ ಮುಖಕ್ಕೆ ಝಳ ಹೊಡೆಯುತ್ತಲೇ ಇರುತ್ತದೆ. ಹಗಲೆಲ್ಲ ಕುಡಿದ ಶಾಖವನ್ನು ಕಲ್ಲು ತಡವಾಗಿ ಬಿಡುತ್ತದೆ. ಬೆಳಗಿನ ಕಲ್ಲಿಗಿಂತ ಸಂಜೆಯ ಕಲ್ಲು ಬಿಸಿ. ಅಪೋಫಿಸ್‌ನಲ್ಲೂ ಅಷ್ಟೆ. ಸುಮಾರು 30 ಗಂಟೆಗೊಮ್ಮೆ ತೊನೆದಾಡುತ್ತ ತಿರುಗುವ ಆ ಬಂಡೆಯ ಸಂಜೆ ಮಗ್ಗುಲು ಬೆಳಗಿನ ಮಗ್ಗುಲಿಗಿಂತ ಹೆಚ್ಚು ಶಾಖ ಕಕ್ಕುತ್ತದೆ. ಶಾಖ ಹೊರಟ ದಿಕ್ಕಿಗೆ ವಿರುದ್ಧವಾಗಿ ಬಂಡೆಗೆ ಒಂದು ಸೂಕ್ಷ್ಮ ನೂಕು ಬೀಳುತ್ತದೆ. ಗುಡ್ಡ ನೆಲಕ್ಕೆ ಕಚ್ಚಿಕೊಂಡಿರುವುದರಿಂದ ಅಲುಗುವುದಿಲ್ಲ. ಅಪೋಫಿಸ್ ಯಾವುದಕ್ಕೂ ಕಚ್ಚಿಕೊಂಡಿಲ್ಲ. ಅದು ತಿರುಗುವುದು ಉಲ್ಟಾ ದಿಕ್ಕಿನಲ್ಲಾದ್ದರಿಂದ ಸಂಜೆಯ ಮಗ್ಗುಲು ಮುಂದಕ್ಕೆ ಮುಖಮಾಡಿರುತ್ತದೆ, ನೂಕು ಹಿಂದಕ್ಕೆ ಬೀಳುತ್ತದೆ. ಪರಿಣಾಮವಾಗಿ ಸೂರ್ಯನಿಂದ ಅದರ ಸರಾಸರಿ ದೂರ ವರ್ಷಕ್ಕೆ ಸುಮಾರು 200 ಮೀಟರಿನಂತೆ ಕುಗ್ಗುತ್ತಿದೆ. ಇದಕ್ಕೆ ಯಾರ್ಕೊವ್‌ಸ್ಕಿ ಪರಿಣಾಮವೆಂದು ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಯೋಚಿಸಿದ ರಷ್ಯಾದ ಎಂಜಿನಿಯರ್ ಇವಾನ್ ಯಾರ್ಕೊವ್‌ಸ್ಕಿಯ ನೆನಪಿಗೆ. ವರ್ಷಕ್ಕೆ 200 ಮೀಟರ್ ಏನು ಮಹಾ ಎನ್ನಬೇಡಿ. ಕಕ್ಷೆ ಕುಗ್ಗಿದರೆ ಸುತ್ತುವ ಅವಧಿ ಕಮ್ಮಿಯಾಗುತ್ತದೆ, ಆ ವ್ಯತ್ಯಾಸ ಸುತ್ತಿನಿಂದ ಸುತ್ತಿಗೆ ಕೂಡುತ್ತ ಹೋಗುತ್ತದೆ, ಮತ್ತು ನಾವು ಮಾತಾಡುತ್ತಿರುವುದು 600 ಮೀಟರಿನಂಥ ಕಿಂಡಿಗಳ ಬಗ್ಗೆ.

2021ರ ಮಾರ್ಚ್‌ನಲ್ಲಿ ಅಪೋಫಿಸ್ 1 ಕೋಟಿ 69 ಲಕ್ಷ ಕಿ.ಮೀ. ದೂರದಲ್ಲಿದ್ದಾಗ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಆಂಟೆನಾ ಅದಕ್ಕೆ ರೇಡಾರ್ ಅಲೆ ಹೊಡೆಯಿತು, ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ದೂರದರ್ಶಕ ಮಾರ್ದನಿಯನ್ನು ಹಿಡಿಯಿತು. ದೂರ ಸುಮಾರು 150 ಮೀಟರಿನಷ್ಟು ನಿಖರವಾಗಿ ಸಿಕ್ಕಿತು. 2068ರ ಅನುಮಾನವೂ ಅಲ್ಲಿಗೆ ಮುಗಿಯಿತು, ಅಪೋಫಿಸ್ ಅಪಾಯದ ಪಟ್ಟಿಯಿಂದ ಹೊರಬಿತ್ತು.

2029ರ ನಂತರ ನಮಗೆ ಗೊತ್ತಿರುವ ಈ ಕಕ್ಷೆಯೇ ಇರುವುದಿಲ್ಲ. ಭೂಮಿ ಜಗ್ಗಿದ ರಭಸಕ್ಕೆ ಅದರ ವರ್ಷ 324 ದಿನದಿಂದ 420 ದಿನ ಮೀರುವಷ್ಟು ಉದ್ದವಾಗುತ್ತದೆ. ಹೆಚ್ಚಿನ ಕಾಲ ನಮ್ಮ ಕಕ್ಷೆಯ ಒಳಗಿರುತ್ತಿದ್ದದ್ದು ಹೊರಗಿನ ವಾಸಿಯಾಗುತ್ತದೆ. ತಿರುಗುವ ಪರಿಯೂ ಬದಲಾಗಬಹುದು, ಮೈಮೇಲಿನ ಮಣ್ಣುಕಲ್ಲು ಜರಿಯಬಹುದು. ಅದನ್ನು ಹತ್ತಿರದಿಂದ ನೋಡಲು ನಾಸಾದ ಒಸೈರಿಸ್ ಎಪೆಕ್ಸ್ ನೌಕೆ ಹೊರಟಾಗಿದೆ. 2023ರ ಸೆಪ್ಟೆಂಬರಿನಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ಭೂಮಿಗೆ ಉದುರಿಸಿ ಮುಂದೆ ಹೋದದ್ದು ಇದೇ ನೌಕೆ. ಯುರೋಪಿನವರು 2028ರಲ್ಲಿ ರಾಮ್ಸೆಸ್ ಎಂಬ ನೌಕೆ ಹಾರಿಸುವ ಸಿದ್ಧತೆಯಲ್ಲಿದ್ದಾರೆ. ವಿಶ್ವಸಂಸ್ಥೆ 2029ನ್ನು ಕ್ಷುದ್ರಗ್ರಹ ಅರಿವಿನ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದೆ.

ಇದೆಲ್ಲ ದೊಡ್ಡವರ ಆಟವಾಯಿತು, ಬಳ್ಳಾರಿ ಜಿಲ್ಲೆಗೆ ಇದರಲ್ಲಿ ಏನು ಕೆಲಸ? ನನಗೆ ಹೇಳಬೇಕಾಗಿರುವುದು ಅದೇ. ಭೂಮಿಗೆ ಸಮೀಪದ ಬಂಡೆಗಳೆಂದು ಪಟ್ಟಿಯಾದವು ಈಗ 40 ಸಾವಿರದಷ್ಟಿವೆ. ಅವುಗಳಲ್ಲಿ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ, ಇಷ್ಟು ಮುಂಚಿತವಾಗಿ ತಾರೀಖು ತಿಳಿಸಿ ಬರುವಂಥದ್ದು ಇದೊಂದೇ. ಅದರ ದೂರವನ್ನು ನಾಸಾ ಹೇಳಿದಂತೆ ಒಪ್ಪಿಕೊಳ್ಳುವ ಬದಲು ನಾವೇ ಅಳೆಯಬಹುದು, ಬಳ್ಳಾರಿ ಮತ್ತು ಸಿರುಗುಪ್ಪದಲ್ಲಿ ನಿಂತು.

ಈ ಸೀಮೆಗೂ ಕ್ಷುದ್ರಗ್ರಹಗಳಿಗೂ ಹಳೆಯ ನಂಟಿದೆ, ಆಡಳಿತದ ನಂಟಾದರೂ ಸರಿ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದರಾಸಿಗೆ ಸೇರಿತ್ತು. 1861ರ ಏಪ್ರಿಲ್ 17ರಂದು ಮದರಾಸು ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಒಂದು ಕ್ಷುದ್ರಗ್ರಹ ಕಂಡುಹಿಡಿದ. ಈ ಖಂಡದಿಂದ ಸಿಕ್ಕ ಮೊದಲನೆಯದೆಂದು ಅದಕ್ಕೆ ಏಷ್ಯಾ ಎಂದೇ ಹೆಸರಾಯಿತು. ಆತನ ಕೈಕೆಳಗೆ ಚಿಂತಾಮಣಿ ರಘುನಾಥಾಚಾರಿ ಎಂಬ ಸಹಾಯಕರಿದ್ದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುವುದಿತ್ತು. ಅದರ ಬಗ್ಗೆ ಅವರು ಬರೆದ ಪುಸ್ತಿಕೆ ಹಲವು ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ ಬಂತು. ಭೂಮಿಯ ಬೇರೆಬೇರೆ ಕಡೆ ನಿಂತವರಿಗೆ ಶುಕ್ರ ಸೂರ್ಯನ ಮೇಲೆ ತುಸು ಬೇರೆಬೇರೆ ಜಾಗದಲ್ಲಿ ಕಾಣುತ್ತದೆ. ಆ ತುಸು ಅಂತರದಿಂದ ಸೂರ್ಯನ ದೂರ ತಿಳಿಯಬಹುದು. ಮುಂದೆ ಇದೇ ಕೆಲಸಕ್ಕೆ ಶುಕ್ರನಿಗಿಂತ ಒಳ್ಳೆಯ ಅಭ್ಯರ್ಥಿ ಸಿಕ್ಕಿತು: 1898ರಲ್ಲಿ ಬರ್ಲಿನ್ನಿನಲ್ಲಿ ಕಂಡುಹಿಡಿದ ಈರೋಸ್, ಭೂಮಿಗೆ ಸಮೀಪ ಬರುವ ಕ್ಷುದ್ರಗ್ರಹಗಳಲ್ಲಿ ಮೊದಲನೆಯದು. 1931ರಲ್ಲಿ ಈರೋಸ್ ಹತ್ತಿರ ಬಂದಾಗ ಲೋಕದ ನಾನಾ ವೀಕ್ಷಣಾಲಯಗಳು ತೆಗೆದ ಚಿತ್ರಗಳನ್ನು ಕೂಡಿಸಿ ಸ್ಪೆನ್ಸರ್ ಜೋನ್ಸ್ ಹತ್ತು ವರ್ಷ ಲೆಕ್ಕಹಾಕಿ ಸೂರ್ಯನ ದೂರ ಹೇಳಿದ.

ಈರೋಸ್ ಎರಡು ಕೋಟಿ ಕಿಲೋಮೀಟರ್ ಮೀರಿದ ದೂರದಲ್ಲಿತ್ತು, ಅದಕ್ಕೆ ಖಂಡಾಂತರದ ವೀಕ್ಷಕರು ಬೇಕಾದರು. ಅಪೋಫಿಸ್‌ಗೆ ಒಂದೇ ಜಿಲ್ಲೆ ಸಾಕು. ಬಳ್ಳಾರಿ ಮತ್ತು ಸಿರುಗುಪ್ಪ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ನಕ್ಷೆಯಲ್ಲಿ ಗೆರೆ ಎಳೆದರೆ ನೇರ ಉತ್ತರ ದಕ್ಷಿಣ, ಉದ್ದ ಸುಮಾರು 53 ಕಿ.ಮೀ. ನಡುರಾತ್ರಿ ಹನ್ನೆರಡಕ್ಕೆ ಎರಡೂ ಊರಲ್ಲಿ ಒಂದೇ ಕ್ಷಣಕ್ಕೆ ಫೋಟೊ ತೆಗೆದರೆ, ಹಸ್ತಾ ನಕ್ಷತ್ರಗಳ ಹಿನ್ನೆಲೆಯಲ್ಲಿ ಅಪೋಫಿಸ್ ಎರಡು ಚಿತ್ರಗಳಲ್ಲಿ ಬೇರೆಬೇರೆ ಜಾಗದಲ್ಲಿ ಕೂತಿರುತ್ತದೆ. ಅಂತರ ಡಿಗ್ರಿಯ ಮೂವತ್ತನೇ ಒಂದು ಪಾಲು, ಅಂದರೆ ಹುಣ್ಣಿಮೆಯ ಚಂದ್ರನ ಅಗಲದ ಹದಿನೈದನೇ ಒಂದು ಪಾಲು. ಕಣ್ಣಿಗೆ ಗೊತ್ತಾಗುವುದಿಲ್ಲ, ಮೊಬೈಲ್ ಕ್ಯಾಮೆರಾಕ್ಕೂ ಸಾಲದು. ಅದರಲ್ಲಿ ಒಂದೆರಡು ಪಿಕ್ಸೆಲ್ ಆದೀತು. 200 ಮಿ.ಮೀ. ಲೆನ್ಸಿನ ಕ್ಯಾಮೆರಾದಲ್ಲಿ ಇಪ್ಪತ್ತೈದು ಮೂವತ್ತು ಪಿಕ್ಸೆಲ್‌ನಷ್ಟು ಸರಿದಿರುತ್ತದೆ, ಅಳೆಯಲು ಧಾರಾಳವಾಯಿತು. ಅಂಥ ಲೆನ್ಸಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಮದುವೆ ಫೋಟೊ ತೆಗೆಯುವ ಯಾವ ಸ್ಟುಡಿಯೊದಲ್ಲಿ ಕೇಳಿದರೂ 70-200 ಇರುತ್ತದೆ. ಅಮಾವಾಸ್ಯೆಯ ರಾತ್ರಿ ಮುಹೂರ್ತವಿಲ್ಲ, ಫೋಟೊಗ್ರಾಫರ್‌ಗಳು ಖಾಲಿ.

ಕಷ್ಟವಿರುವುದು ಗಡಿಯಾರದಲ್ಲಿ. ನಡುರಾತ್ರಿಯ ಹೊತ್ತಿಗೆ ಅಪೋಫಿಸ್ ನಕ್ಷತ್ರಗಳ ನಡುವೆ ಎಷ್ಟು ಬಿರುಸಾಗಿ ಸರಿಯುತ್ತಿರುತ್ತದೆಂದರೆ, ನಾವು ಅಳೆಯಹೊರಟ ಅಂತರವನ್ನು ಅದು ತಾನಾಗಿಯೇ ಹದಿಮೂರು ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಬಳ್ಳಾರಿಯ ಕ್ಯಾಮೆರಾ ಸಿರುಗುಪ್ಪದ್ದಕ್ಕಿಂತ ಒಂದು ಸೆಕೆಂಡು ತಡವಾದರೂ ಉತ್ತರದಲ್ಲಿ ಆರು ಸಾವಿರ ಕಿಲೋಮೀಟರ್ ಹೆಚ್ಚುಕಡಿಮೆಯಾಗಬಹುದು. ಕ್ಯಾಮೆರಾದೊಳಗಿನ ಗಡಿಯಾರವನ್ನು ನಂಬುವಂತಿಲ್ಲ. ನೆಟ್‌ವರ್ಕ್ ಸಮಯಕ್ಕೆ ಹೊಂದಿಕೊಂಡ ಮೊಬೈಲಿನಲ್ಲಿ ಸೆಕೆಂಡು ಮುಳ್ಳನ್ನು ತೆರೆದಿಟ್ಟು, ಮೊದಲು ಅದರದೊಂದು ಫೋಟೊ ತೆಗೆದುಕೊಳ್ಳಬೇಕು. ಕ್ಯಾಮೆರಾ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಆಮೇಲೆ ತಿದ್ದಿಕೊಳ್ಳಬಹುದು. ಸ್ಟ್ಯಾಂಡ್ ಮೇಲಿಟ್ಟು ಒಂದೊಂದು ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಸಾಲಾಗಿ ತೆಗೆಯುತ್ತ ಹೋದರೆ ಸಾಕು, ಸಮ ಬೀಳುವ ಜೋಡಿಯನ್ನು ಬೆಳಿಗ್ಗೆ ಹುಡುಕಬಹುದು.

ಕುರುಗೋಡು ಇಲ್ಲಿ ಸಾಕ್ಷಿಯ ಕೆಲಸ ಮಾಡುತ್ತದೆ. ಅದು ಎರಡರ ನಡುವೆ, ತುಸು ಪಶ್ಚಿಮಕ್ಕಿದೆ. ಬಳ್ಳಾರಿಗೂ ಕುರುಗೋಡಿಗೂ ಕಾಣುವ ಅಂತರ, ಬಳ್ಳಾರಿಗೂ ಸಿರುಗುಪ್ಪಕ್ಕೂ ಕಾಣುವುದರ ಸುಮಾರು ಅರ್ಧ ಬರಬೇಕು. ಬಾರದಿದ್ದರೆ ಯಾವುದೋ ಒಂದು ಗಡಿಯಾರ ಸುಳ್ಳು ಹೇಳಿದೆ. ದೊಡ್ಡಬಸವೇಶ್ವರ ಗುಡಿಯ ಸುತ್ತಿನ ದೀಪಗಳಿಂದ ದೂರ, ಬೆಟ್ಟದ ಮೇಲೆ ಯಾರಾದರೂ ಕ್ಯಾಮೆರಾ ಇಟ್ಟರೆ ಒಳ್ಳೆಯದು. ಅಲ್ಲಿಂದ ತೋರಣಗಲ್ಲಿನ ಬೆಳಕು ನೈಋತ್ಯಕ್ಕೆ ಬೀಳುತ್ತದೆ, ಆದರೆ ನಡುರಾತ್ರಿ ಬಂಡೆ ಎಷ್ಟು ಎತ್ತರದಲ್ಲಿರುತ್ತದೆಂದರೆ ಆ ಬೆಳಕಿನ ಕಾಟ ತಟ್ಟುವುದಿಲ್ಲ.

ಇನ್ನು ಗಣಿತ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆಗುವಂಥದ್ದು. ಬಂಡೆ ಆಗ ದಕ್ಷಿಣದ ಕಡೆ ವಾಲಿ ಮೇಲಿರುವುದರಿಂದ 53 ಕಿಲೋಮೀಟರಿನ ಗೆರೆ ಅದಕ್ಕೆ ಪೂರ್ತಿ ಅಡ್ಡವಾಗಿರುವುದಿಲ್ಲ. ಅಡ್ಡಕ್ಕೆ ಬರುವ ಪಾಲು ಸುಮಾರು 46 ಕಿ.ಮೀ. ಇದನ್ನು ರೇಡಿಯನ್‌ನಲ್ಲಿ ಬರೆದ ಕೋನದಿಂದ ಭಾಗಿಸಿದರೆ ದೂರ ಬಂತು. ಉತ್ತರ 80 ಸಾವಿರ ಕಿಲೋಮೀಟರಿನ ಅಕ್ಕಪಕ್ಕ ಬೀಳಬೇಕು. 75 ಸಾವಿರವೋ 86 ಸಾವಿರವೋ ಬಂದರೂ ಬೇಸರಿಸಬೇಕಿಲ್ಲ, ಅದು ಗಡಿಯಾರದ ಒಂದು ಸೆಕೆಂಡಿನ ಬೆಲೆ. ಒಂದು ಗಂಟೆಗೆ ಮತ್ತೆ ತೆಗೆದರೆ ದೂರ 61 ಸಾವಿರಕ್ಕೆ ಇಳಿದಿರುತ್ತದೆ. ಒಂದು ತಾಸಿನಲ್ಲಿ 19 ಸಾವಿರ ಕಿಲೋಮೀಟರ್ ಕಮ್ಮಿ. ಅಂದರೆ ಬಂಡೆ ಸೆಕೆಂಡಿಗೆ ಐದು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನಮ್ಮ ಕಡೆಗೆ ಬರುತ್ತಿದೆ. ಪಕ್ಕಕ್ಕೆ ಸರಿಯುವ ವೇಗ ಬೇರೆ, ಅದನ್ನು ಅದೇ ಫೋಟೊಗಳ ಸಾಲಿನಿಂದ ತೆಗೆಯಬಹುದು. ಎರಡನ್ನೂ ಕೂಡಿಸಲು ಪೈಥಾಗೊರಸ್ ಸಾಕು. ಎರಡು ಗಂಟೆಗೆ ದೂರ 46 ಸಾವಿರ. ಅಷ್ಟು ಹೊತ್ತಿಗೆ ಅದು ಒಂದೂಕಾಲು ನಿಮಿಷದೊಳಗೆ ಚಂದ್ರನ ಅಗಲದಷ್ಟು ಆಕಾಶ ದಾಟುತ್ತಿರುತ್ತದೆ, ಒಂದು ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲೂ ಚುಕ್ಕೆ ಗೆರೆಯಾಗಿ ಎಳೆದುಕೊಳ್ಳುತ್ತದೆ. ಆ ಗೆರೆಯ ಎರಡು ತುದಿಗಳಲ್ಲಿ ಯಾವುದನ್ನು ಹಿಡಿಯುವುದೆಂದು ಮೂರು ಊರಿನವರೂ ಮೊದಲೇ ಮಾತಾಡಿಕೊಂಡಿರಬೇಕು.